ಹಳೇ ಸ್ಪೀಡ್ ಬೋಟು: ಮೊದಲು ಹಿಂದಿನ ಗೋಡೆ ತಟ್ಟಿ

ಕೇಳುಗರಿಗೆ ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಳೆಗಾಲದಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಸ್ಪೀಡ್ ಬೋಟುಗಳೂ ಟಾರ್ಪಾಲ್ ಹೊದ್ದು ದಡದಲ್ಲಿ ಮಲಗುತ್ತವೆ. ಮಾರುವ, ಕೊಳ್ಳುವ ಮಾತು ಶುರುವಾಗುವುದೂ ಆಗಲೇ. ಮಲ್ಪೆಯಲ್ಲೋ ಮುರುಡೇಶ್ವರದಲ್ಲೋ ಒಂದು ಹಳೇ ಸ್ಪೀಡ್ ಬೋಟು ಇಳಿಸೋಣ ಅಂತ ದುಡ್ಡು ಕೂಡಿಟ್ಟ ಹುಡುಗರಿದ್ದೀರಲ್ಲ, ಇವತ್ತಿನ ಮಾತು ನಿಮಗೆ.

ಬೋಟು ನೋಡಲು ಹೋದವರು ಮೊದಲು ಇಂಜಿನ್ ಮುಚ್ಚಳ ತೆಗೆಸುತ್ತಾರೆ. "115 ಹಾರ್ಸ್‌ಪವರ್ ಅಂತೆ!" ಅಂತ ಕಣ್ಣರಳಿಸುತ್ತಾರೆ. ಇಂಜಿನ್ ಎಲ್ಲಿಗೂ ಓಡಿಹೋಗುವುದಿಲ್ಲ ಮಾರಾಯ್ರೆ. ಅದು ಕೂತಿರುವ ಹಿಂದಿನ ಗೋಡೆಯನ್ನು ಮೊದಲು ನೋಡಿ. ಅಂಗಡಿಯವರು ಅದಕ್ಕೆ ಟ್ರಾನ್ಸಮ್ ಅನ್ನುತ್ತಾರೆ. ನನಗೆ ಗೋಡೆಯೇ ಸಾಕು.

ಹಳೇ ಫೈಬರ್ ಬೋಟುಗಳಲ್ಲಿ ಸಾಮಾನ್ಯವಾಗಿ ಈ ಗೋಡೆಯ ಹೊಟ್ಟೆಯಲ್ಲಿ ಪ್ಲೈವುಡ್ ಇರುತ್ತದೆ. ಇಂಜಿನ್ ಬಿಗಿಯಲು ಅದಕ್ಕೆ ತೂತು ಕೊರೆದಿರುತ್ತಾರೆ. ಬೋಲ್ಟಿನ ಸುತ್ತ ಹಚ್ಚಿದ ಅಂಟು ಬಿಟ್ಟುಕೊಂಡರೆ ನೀರು ಒಳಗಿಳಿದು ಅಲ್ಲೇ ಕೂರುತ್ತದೆ. ಮರ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಮಾತ್ರ ಪಳಪಳ. ಅಂಥ ಗೋಡೆಗೆ 170-180 ಕಿಲೋ ತೂಗುವ ಇಂಜಿನ್ ನೇತುಹಾಕಿಕೊಂಡು ಅಲೆ ಮೇಲೆ ಹಾರಿಸುತ್ತೀರಿ!

ನಾನು ಇದನ್ನು ದುಡ್ಡು ಕಳೆದುಕೊಂಡೇ ಕಲಿತದ್ದು. ಫೈಬರ್ ಕೆಲಸಕ್ಕೆ ಇಳಿದ ಹೊಸತು. ಬಾವನೂ ನಾನೂ ಪಾಲಿನಲ್ಲಿ ಒಂದು ಬೋಟು ನೋಡಲು ಹೋದೆವು. ಬಿಳಿ ಬೋಟು, ನೀಲಿ ಪಟ್ಟೆ. ಬಾವ ಕೀ ತಿರುಗಿಸಿದರು, ಒಂದೇ ಸಲಕ್ಕೆ ಸ್ಟಾರ್ಟ್. ಮಾರುವವರು ಎಳನೀರು ಕೊಟ್ಟರು. ಬೊಂಡ ಖಾಲಿಯಾಗುವಷ್ಟರಲ್ಲಿ ನಮ್ಮ ಕಿಸೆಯೂ ಖಾಲಿ. ಮೂರನೇ ವಾರ, ಬೋಟಿನಲ್ಲಿ ನಾವಿಬ್ಬರೇ, ಹಿಂದೆ ಕಿರ್ರ್ ಅಂತ ಸದ್ದು. ತಿರುಗಿ ನೋಡಿದರೆ, ವೇಗ ಏರಿಸಿದಾಗಲೆಲ್ಲ ಇಂಜಿನ್ ಹೌದು ಹೌದು ಅಂತ ತಲೆಯಾಡಿಸುತ್ತಿದೆ! ದೇವರನ್ನು ನೆನೆಯುತ್ತ ದಡ ಸೇರಿದೆವು. ಬೋಲ್ಟ್ ಬಿಚ್ಚಿದೆ. ತೂತಿನಿಂದ ಕಂದು ನೀರು ಇಳಿಯಿತು. ಬೆರಳು ಹಾಕಿದರೆ ಮರ ನೆನೆದ ಅವಲಕ್ಕಿಯ ಹಾಗೆ ಕೈಗೆ ಬಂತು. ಹೊಳೆಯಲ್ಲಿ ಕೊಳೆಹಾಕಿದ ತೆಂಗಿನ ಸಿಪ್ಪೆಯದೇ ನಾತ. ಬಾವ ಮೂರು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಿದ್ದರು. ಇಂಜಿನ್ ನೋಡಿ ಹೂಂ ಅಂದವರು ಅವರೇ, ಇರಲಿ.

ಹಾಗಾಗಿ ಮೊದಲು ಗೋಡೆ. ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಬನ್ನಿ. ಟಕ್ ಟಕ್ ಅಂತ ಗಟ್ಟಿ ಸದ್ದು ಬರಬೇಕು. ಬೋಲ್ಟಿನ ಹತ್ತಿರ, ಕೆಳಗೆ ನೀರು ಬಿಡುವ ತೂತಿನ ಹತ್ತಿರ ಬೊದ್ ಬೊದ್ ಅಂದರೆ ಒಳಗೆ ಕೊಳೆತಿದೆ ಅಂತಲೇ ತಿಳಿಯಿರಿ. ಆಮೇಲೆ ಇಂಜಿನ್ನನ್ನು ಅರ್ಧ ಮೇಲೆತ್ತಿ, ಅದರ ಕಾಲನ್ನು, ಅಂದರೆ ಫ್ಯಾನ್ ಇರುವ ಕೆಳಭಾಗವನ್ನು, ಕೆಳಕ್ಕೆ ಅದುಮಿ. ಜೊತೆಗೆ ಬಂದವರು ಗೋಡೆಯನ್ನೇ ನೋಡುತ್ತಿರಲಿ. ಕೂದಲೆಳೆಯಷ್ಟು ಬಾಗಿದರೂ ಎಳನೀರು ಕುಡಿಯದೆ ವಾಪಸ್ ಬನ್ನಿ.

ಅಯ್ಯೋ, ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಇಂಜಿನ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸ್ಟಾರ್ಟ್ ಮಾಡುವ ಮುಂಚೆ ಮುಟ್ಟಿ ನೋಡಿ, ತಣ್ಣಗಿರಬೇಕು. ಬಿಸಿಯಿದ್ದರೆ ನೀವು ಬರುವ ಮೊದಲೇ ಓಡಿಸಿಟ್ಟಿದ್ದಾರೆ. ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಹೊಕ್ಕಿದೆ. ಮೆಕ್ಯಾನಿಕ್‌ನಿಂದ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳತೆ ಮಾಡಿಸಿ, ಎಲ್ಲ ಸಿಲಿಂಡರಿನದ್ದೂ ಹೆಚ್ಚುಕಮ್ಮಿ ಒಂದೇ ಇರಬೇಕು. ಕಾಗದದಲ್ಲಿರುವ ಇಂಜಿನ್ ನಂಬರು, ಇಂಜಿನ್ ಮೇಲಿನ ನಂಬರು ತಾಳೆ ನೋಡಿ. ಇದೆಲ್ಲ ಗೋಡೆ ಪಾಸಾದ ಮೇಲೆ, ಗೊತ್ತಾಯಿತಲ್ಲ?

ಸ್ಕ್ರೂಡ್ರೈವರ್ ಮರೆತು ಹೋದರೆ 10 ರೂಪಾಯಿ ನಾಣ್ಯದಲ್ಲಿ ತಟ್ಟಿದರೂ ನಡೆಯುತ್ತದೆ. ನಮಸ್ಕಾರ.