ಚಕ್ರದೊಳಗಿನ ಚಕ್ರ: ಜೆಂಟಲ್ ಜೈಂಟ್ ತಂಡದ ಅಧಿಕಾರದ ಕತೆ

ನಮಸ್ಕಾರ ಗೆಳೆಯರೇ.

ಇವತ್ತು ಒಂದು ಹಳೆಯ ಬ್ರಿಟಿಷ್ ರಾಕ್ ಆಲ್ಬಮ್ ಬಗ್ಗೆ ಮಾತಾಡುತ್ತೇನೆ. ಅದರ ಹೆಸರು 'ದಿ ಪವರ್ ಅಂಡ್ ದಿ ಗ್ಲೋರಿ'. ತಂಡದ ಹೆಸರು ಜೆಂಟಲ್ ಜೈಂಟ್. ಬಂದದ್ದು 1974ರಲ್ಲಿ. ಎಂಟು ಹಾಡು, ಸುಮಾರು 37 ನಿಮಿಷ. ಪಿಂಕ್ ಫ್ಲಾಯ್ಡ್, ಜೆನೆಸಿಸ್, ಯೆಸ್ ಅಂದರೆ ರಾಕ್ ಕೇಳುವವರ ಮುಖ ಅರಳುತ್ತದೆ. ಅದೇ ನಾಡಿನ, ಅದೇ ಕಾಲದ ಈ ತಂಡದ ಹೆಸರು ಹೇಳಿದರೆ ಎಷ್ಟೋ ಜನ 'ಯಾರದು?' ಅನ್ನುತ್ತಾರೆ.

2014ರಲ್ಲಿ ಈ ಆಲ್ಬಮ್ ಹೊಸ ಮಿಕ್ಸ್‌ನೊಂದಿಗೆ, ಅಂದರೆ ದನಿ, ವಾದ್ಯಗಳನ್ನು ಹೊಸದಾಗಿ ಬೆರೆಸಿಕೊಂಡು, ಮತ್ತೆ ಹೊರಬಂತು. ಅದನ್ನು ಕೇಳಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಯಿತು. ಜೆಂಟಲ್ ಜೈಂಟ್ ಬಗ್ಗೆ ಯಾವಾಗಲೂ ಒಂದು ದೂರು ಇದೆ: ಇದು ಬರೀ ಲೆಕ್ಕದ ಸಂಗೀತ, ತಲೆಗೆ ಹತ್ತುತ್ತದೆ, ಎದೆಗೆ ಇಳಿಯುವುದಿಲ್ಲ ಅಂತ. ಈ ಆಲ್ಬಮ್‌ನಲ್ಲಂತೂ ಆ ದೂರು ಪೂರ್ತಿ ಸುಳ್ಳು. ಇಲ್ಲಿ ಆ ಲೆಕ್ಕವೇ ಕತೆ ಹೇಳುತ್ತದೆ. ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಸಾಹಿತ್ಯಕ್ಕಿಂತ ಜಾಸ್ತಿ ಅದರ ತಾಳ, ಅದರ ಹೆಣಿಗೆ ನಮಗೆ ತೋರಿಸುತ್ತವೆ.

ಮೊದಲು ತಂಡದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಫಿಲ್, ಡೆರೆಕ್, ರೇ ಅಂತ ಮೂವರು ಶುಲ್ಮನ್ ಅಣ್ಣತಮ್ಮಂದಿರು. ಬೆಳೆದದ್ದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಊರಿನಲ್ಲಿ. ಅರವತ್ತರ ದಶಕದಲ್ಲಿ ಅವರು ಸೈಮನ್ ಡುಪ್ರೀ ಅಂಡ್ ದಿ ಬಿಗ್ ಸೌಂಡ್ ಅನ್ನುವ ಪಾಪ್ ತಂಡ ನಡೆಸುತ್ತಿದ್ದರು. 1967ರಲ್ಲಿ 'ಕೈಟ್ಸ್' ಅನ್ನುವ ಹಾಡು ಅವರಿಗೆ ಒಳ್ಳೆಯ ಹೆಸರು ತಂದಿತು. ಆದರೆ ಆ ದಾರಿ ಅವರಿಗೆ ಸಾಕಾಯಿತು. 1970ರಲ್ಲಿ ಅದನ್ನು ಬಿಟ್ಟು ಜೆಂಟಲ್ ಜೈಂಟ್ ಕಟ್ಟಿದರು. ಗೆದ್ದ ದಾರಿ ಬಿಟ್ಟು, ಯಾರೂ ನಡೆಯದ ದಾರಿ ಹಿಡಿಯುವುದು ಸುಲಭವಲ್ಲ, ಅಲ್ವಾ?

ಕೆರಿ ಮಿನ್ನೀರ್ ಜೊತೆಗೆ ಬಂದರು. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಓದಿದವರು. ಕೀಬೋರ್ಡ್, ಚೆಲ್ಲೊ (ಪಿಟೀಲಿನ ದೊಡ್ಡ ರೂಪ), ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ), ಎಲ್ಲ ನುಡಿಸುತ್ತಿದ್ದರು. ಗಿಟಾರಿಗೆ ಗ್ಯಾರಿ ಗ್ರೀನ್. ಇವರ ಮನಸ್ಸು ಇದ್ದದ್ದು ಬ್ಲೂಸ್‌ನಲ್ಲಿ. 1972ರಲ್ಲಿ ವೇಲ್ಸ್‌ನ ಡ್ರಮ್ಮರ್ ಜಾನ್ ವೆದರ್ಸ್ ಸೇರಿದರು. ಅದಾದ ಸ್ವಲ್ಪ ದಿನಕ್ಕೆ ಹಿರಿಯಣ್ಣ ಫಿಲ್ ತಂಡ ಬಿಟ್ಟರು. ಉಳಿದವರು ಐದು ಜನ. ಒಬ್ಬೊಬ್ಬರೂ ಹಲವು ವಾದ್ಯ ನುಡಿಸುವವರು. ವೇದಿಕೆಯ ಮೇಲೆ ಒಂದೇ ಹಾಡಿನಲ್ಲಿ ವಾದ್ಯ ಬದಲಾಯಿಸಿಕೊಳ್ಳುತ್ತಿದ್ದರು.

ಜನಪ್ರಿಯತೆ ಮಾತ್ರ ಸುಲಭವಾಗಿ ಒಲಿಯಲಿಲ್ಲ. ಅಮೆರಿಕದಲ್ಲಿ ಬ್ಲ್ಯಾಕ್ ಸಬ್ಬತ್ ತಂಡಕ್ಕಿಂತ ಮುಂಚೆ ನುಡಿಸಲು ಹೋದಾಗ ಸಭಿಕರು ಕೂಗಾಡಿದರು. 1973ರ 'ಇನ್ ಎ ಗ್ಲಾಸ್ ಹೌಸ್' ಆಲ್ಬಮ್ ಆಗ ಅಮೆರಿಕದಲ್ಲಿ ಬಿಡುಗಡೆಯೇ ಆಗಲಿಲ್ಲ. ಅಲ್ಲಿನ ಅಭಿಮಾನಿಗಳು ಹೊರದೇಶದ ಪ್ರತಿ ತರಿಸಿಕೊಂಡು ಕೇಳಿದರು. 'ದಿ ಪವರ್ ಅಂಡ್ ದಿ ಗ್ಲೋರಿ' ಬಂದದ್ದು ಇದಾದ ಮೇಲೆ.

ಆ ಕಾಲ ಹೇಗಿತ್ತು ನೋಡಿ. ರೆಕಾರ್ಡಿಂಗ್ ನಡೆದದ್ದು 1973ರ ಕೊನೆಗೆ, 1974ರ ಶುರುವಿಗೆ, ಲಂಡನ್ನಿನ ಅಡ್ವಿಷನ್ ಸ್ಟುಡಿಯೊದಲ್ಲಿ. ಅಮೆರಿಕದಲ್ಲಿ ವಾಟರ್‌ಗೇಟ್ ಹಗರಣ ದಿನದಿನಕ್ಕೂ ಬಿಚ್ಚಿಕೊಳ್ಳುತ್ತಿತ್ತು. ಬ್ರಿಟನ್ನಿನಲ್ಲಿ ಕಲ್ಲಿದ್ದಲಿನ ಕೊರತೆ. ವಿದ್ಯುತ್ ಉಳಿಸಲು ಜನವರಿ 1ರಿಂದ ಕಾರ್ಖಾನೆ, ಕಚೇರಿಗಳಿಗೆ ವಾರಕ್ಕೆ ಮೂರೇ ದಿನ ಕರೆಂಟು ಅಂತ ಸರ್ಕಾರ ನಿಯಮ ಮಾಡಿತು. ಫೆಬ್ರವರಿ ಕೊನೆಯ ಚುನಾವಣೆಯ ನಂತರ ಪ್ರಧಾನಿ ಎಡ್ವರ್ಡ್ ಹೀತ್ ಅಧಿಕಾರ ಕಳೆದುಕೊಂಡರು. ವಾಟರ್‌ಗೇಟ್‌ನಿಂದಾಗಿ ಆಗಸ್ಟ್ 9ಕ್ಕೆ ಅಮೆರಿಕದ ಅಧ್ಯಕ್ಷ ನಿಕ್ಸನ್ ರಾಜೀನಾಮೆ. ಸೆಪ್ಟೆಂಬರಿನಲ್ಲಿ ಈ ಆಲ್ಬಮ್ ಅಂಗಡಿಗೆ ಬಂತು. ಹೊದಿಕೆಯ ಮೇಲೆ ಇಸ್ಪೀಟಿನ ರಾಜ.

ಆದರೆ ಹಾಡುಗಳಲ್ಲಿ ನಿಕ್ಸನ್ ಹೆಸರಿಲ್ಲ. ಯಾವ ದೇಶದ ಹೆಸರೂ ಇಲ್ಲ. ಅದಕ್ಕೇ ಇದು ಇವತ್ತಿಗೂ ಹಳತಾಗಿಲ್ಲ. ಕಾನ್ಸೆಪ್ಟ್ ಆಲ್ಬಮ್ ಅಂದರೆ ಹಾಡುಗಳೆಲ್ಲ ಸೇರಿ ಒಂದೇ ವಿಷಯ ಹೇಳುವ ಆಲ್ಬಮ್. ಆ ಕಾಲದಲ್ಲಿ ಇಂಥವು ಬೇಕಾದಷ್ಟು ಬಂದವು. ಎಷ್ಟೋ ಕಡೆ ಮಾಂತ್ರಿಕರು, ಬೇರೆ ಲೋಕಗಳು, ಒಂದು ಹಾಡೇ ಅರ್ಧ ಗಂಟೆ. ಜೆಂಟಲ್ ಜೈಂಟ್ ಹಾಗೆ ಮಾಡಲಿಲ್ಲ. ಅವರ ಅತಿ ಉದ್ದದ ಹಾಡೂ ಇಲ್ಲಿ ಏಳು ನಿಮಿಷ ದಾಟುವುದಿಲ್ಲ. ಕತೆಯೂ ಸರಳ. ಒಬ್ಬ ನಾಯಕ ಬರುತ್ತಾನೆ. ಜನ ನಂಬುತ್ತಾರೆ. ಅವನು ಕೆಡುತ್ತಾನೆ. ಕೊನೆಗೆ ಹೋಗುತ್ತಾನೆ. ಅವನ ಜಾಗಕ್ಕೆ ಮತ್ತೆ ಅದೇ ಮಾತು ಬರುತ್ತದೆ.

ಮೊದಲ ಹಾಡು 'ಪ್ರೊಕ್ಲಮೇಷನ್'. ಗುಂಪಿನ ಜೈಕಾರ ಕೇಳುತ್ತದೆ. ಅದರ ಹಿಂದೆಯೇ ಕೀಬೋರ್ಡಿನಲ್ಲಿ ಒಂದು ಚಿಕ್ಕ ವರಸೆ, ತುಂಡು ತುಂಡಾಗಿ, ತಾಳದ ಪೆಟ್ಟಿನಿಂದ ಸ್ವಲ್ಪ ಜಾರಿ ಬೀಳುತ್ತದೆ. ಡೆರೆಕ್ ಶುಲ್ಮನ್ ನಾಯಕನ ದನಿಯಲ್ಲಿ ಹಾಡುತ್ತಾರೆ. ನಿಮ್ಮ ಪಾಡು ನನಗೆ ಗೊತ್ತು, ನನ್ನನ್ನು ನಂಬಿ ಅನ್ನುವ ಧಾಟಿ. ಆ ದನಿಯಲ್ಲಿ ಅಬ್ಬರವಿಲ್ಲ. ಸಲೀಸಾಗಿ, ನಗುನಗುತ್ತಾ ಮಾತಾಡುವವನ ದನಿ. ಹಾಗಾಗಿಯೇ ಭಯವಾಗುತ್ತದೆ. ನಡುವೆ ಜಯಘೋಷ ಎದ್ದಾಗ ಹಾಡು ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ, ಒರಟಾಗುತ್ತದೆ. ಆಮೇಲೆ ಏನೂ ಆಗಿಲ್ಲ ಅನ್ನುವಂತೆ ಮೊದಲಿನ ಸಲೀಸು ವರಸೆಗೆ ಬಂದುಬಿಡುತ್ತದೆ.

ಎರಡನೆಯದು 'ಸೋ ಸಿನ್ಸಿಯರ್'. ನನ್ನ ಪ್ರಕಾರ ಆಲ್ಬಮ್‌ನ ಅತಿ ಧೈರ್ಯದ ಹಾಡು ಇದು. ಮೊದಲ ಸಲ ಕೇಳಿದರೆ ಯಾರೋ ತಪ್ಪು ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ಪಿಟೀಲು ಒಂದು ಸ್ವರ ಹೇಳುತ್ತದೆ, ಚೆಲ್ಲೊ ಮುಂದಿನದು, ದನಿ ಅದರ ಮುಂದಿನದು. ಯಾರೊಬ್ಬರ ಬಳಿಯೂ ಪೂರ್ತಿ ರಾಗವಿಲ್ಲ. ಕೋಲಾಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಒಬ್ಬನ ಕೋಲಿನಿಂದ ತಾಳ ಹುಟ್ಟುವುದಿಲ್ಲ, ಎದುರಿನವನ ಕೋಲು ಸರಿಯಾದ ಗಳಿಗೆಗೆ ಬರಲೇಬೇಕು. ಯುರೋಪಿನ ಮಧ್ಯಯುಗದ ಚರ್ಚ್ ಸಂಗೀತದಲ್ಲಿ ಈ ಥರದ ಹಂಚಿಕೆ ಇತ್ತು. ಇವರು ಅದನ್ನು ರಾಕ್ ತಂಡದ ಕೈಗೆ ಕೊಟ್ಟರು.

ಯಾಕೆ ಹಾಗೆ ಮಾಡಿದರು ಅನ್ನುವುದು ಮುಖ್ಯ. ಈ ಹಾಡು ನಾಯಕನ ಸುಳ್ಳಿನ ಬಗ್ಗೆ. ಅವನ ಮಾತಿನಲ್ಲಿ ಒಂದು ತುಂಡು ನಿಜ, ಇನ್ನೊಂದು ತುಂಡು ಸುಳ್ಳು. ಎಲ್ಲ ಕೂಡಿಸಿದರೆ ಪ್ರಾಮಾಣಿಕತೆಯ ಹಾಗೆ ಕೇಳಿಸುತ್ತದೆ. ಹಾಡಿನ ರಾಗವೂ ಹಾಗೆಯೇ ತುಂಡುಗಳಿಂದ ಆದದ್ದು. ಇದನ್ನು ಜಾಣತನದ ಪ್ರದರ್ಶನ ಅಂದವರು ಸಾಹಿತ್ಯ ಒಂದು ಕಡೆ, ಸಂಗೀತ ಒಂದು ಕಡೆ ಇಟ್ಟುಕೊಂಡು ಕೇಳಿದ್ದಾರೆ ಅಂತ ನನಗನ್ನಿಸುತ್ತದೆ.

ಅದು ಮುಗಿದ ಕೂಡಲೇ 'ಆಸ್ಪಿರೇಷನ್ಸ್'. ಈಗ ಮಾತಾಡುವವರು ಜನ. ಕೆರಿ ಮಿನ್ನೀರ್ ಅವರ ತೆಳ್ಳನೆಯ, ಮೆತ್ತಗಿನ ದನಿ. ಎಲೆಕ್ಟ್ರಿಕ್ ಪಿಯಾನೊ. ನಿಧಾನ ನಡೆ. ನಮ್ಮನ್ನು ಕಾಪಾಡು, ದಾರಿ ತೋರಿಸು, ನಮ್ಮ ಕನಸು ನಿನ್ನ ಕೈಯಲ್ಲಿದೆ ಅನ್ನುವ ಭಾವ. ನಾಯಕ ಸುಳ್ಳುಗಾರ ಅಂತ ಕೇಳುವ ನಮಗೆ ಆಗಲೇ ಗೊತ್ತಾಗಿದೆ. ಹಾಡುವ ಜನಕ್ಕೆ ಗೊತ್ತಿಲ್ಲ. ಈ ಎರಡು ಹಾಡುಗಳನ್ನು ಹೀಗೆ ಒಂದರ ಹಿಂದೆ ಒಂದು ಇಟ್ಟದ್ದಕ್ಕೇ ಆಲ್ಬಮ್‌ಗೆ ನನ್ನ ಪೂರ್ತಿ ಗೌರವ. ಜನರ ನಂಬಿಕೆಯನ್ನು ಇವರು ಒಂದು ಕಡೆಯೂ ಆಡಿಕೊಳ್ಳುವುದಿಲ್ಲ. ಈ ಹಾಡನ್ನು ಕೇಳಿದ ಮೇಲೂ ಜೆಂಟಲ್ ಜೈಂಟ್‌ಗೆ ಹೃದಯವಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

'ಪ್ಲೇಯಿಂಗ್ ದಿ ಗೇಮ್' ಕಿವಿಗೆ ಬೇಗ ಹಿಡಿಸುವ ಹಾಡು. ಸೋಲೇ ಗೊತ್ತಿಲ್ಲದ ನಾಯಕನ ಹಮ್ಮು ಅದರಲ್ಲಿದೆ. 'ನೋ ಗಾಡ್ಸ್ ಎ ಮ್ಯಾನ್', 'ದಿ ಫೇಸ್' ಎರಡೂ ಚೆನ್ನಾಗಿವೆ. 'ದಿ ಫೇಸ್'ನಲ್ಲಿ ರೇ ಶುಲ್ಮನ್ ಪಿಟೀಲು ಕೇಳಲೇಬೇಕು.

ಆದರೆ ನಾನು ನಿಲ್ಲುವುದು 'ಕಾಗ್ಸ್ ಇನ್ ಕಾಗ್ಸ್' ಹತ್ತಿರ. ಮೂರು ನಿಮಿಷ ಚಿಲ್ಲರೆ. ಹಲ್ಲಿನ ಚಕ್ರದೊಳಗೆ ಚಕ್ರ. ವಾದ್ಯಗಳು ಒಂದು ಲೆಕ್ಕದಲ್ಲಿ ತಿರುಗುತ್ತವೆ, ದನಿಗಳು ಬೇರೆ ಲೆಕ್ಕದಲ್ಲಿ. ಎರಡೂ ಬೇರೆ ಬೇರೆಯಾಗಿ ಓಡಿ ಒಂದು ಕಡೆ ಬಂದು ಕೂಡುತ್ತವೆ. ಮತ್ತೆ ಬಿಡುತ್ತವೆ. ಜನ ಸಿಟ್ಟಾಗಿದ್ದಾರೆ. ಆದರೆ ಆ ಸಿಟ್ಟು ಸುತ್ತುತ್ತಲೇ ಇದೆ, ಎಲ್ಲಿಗೂ ತಲುಪುತ್ತಿಲ್ಲ. ಇಷ್ಟೆಲ್ಲ ತೊಡಕಿನ ನಡುವೆ ಜಾನ್ ವೆದರ್ಸ್ ಡ್ರಮ್ ಎಷ್ಟು ನೇರ ನೋಡಿ. ಅವರು ಆ ತೊಡಕಿಗೆ ಇನ್ನಷ್ಟು ತೊಡಕು ಸೇರಿಸುವುದಿಲ್ಲ. ಗಟ್ಟಿಯಾಗಿ ನೆಲ ಹಿಡಿದು ನಿಲ್ಲುತ್ತಾರೆ. ಅವರಿಂದಲೇ ಈ ಸಂಗೀತಕ್ಕೆ ಕಾಲು ಕುಣಿಯುತ್ತದೆ.

ಕೊನೆಯ ಹಾಡು 'ವ್ಯಾಲಿಡಿಕ್ಟರಿ'. ಇದು ಹೊಸ ಹಾಡಲ್ಲ. ಮೊದಲ ಹಾಡಿನ ರಾಗವೇ ತಿರುಗಿ ಬಂದಿದೆ. ಆದರೆ ಕೀಬೋರ್ಡಿನ ಸಲೀಸು ಹೋಗಿದೆ. ಈಗ ಗ್ಯಾರಿ ಗ್ರೀನ್ ಗಿಟಾರ್ ಮುಂದೆ ಬಂದಿದೆ, ಭಾರವಾಗಿ, ಕರ್ಕಶವಾಗಿ. ನಗುತ್ತಿದ್ದ ದನಿ ಈಗ ಚೀರುತ್ತಿದೆ. ಹೋಗುತ್ತಿರುವ ನಾಯಕನ ಕೊನೆಯ ಭಾಷಣ ಇದು. ಇನ್ನೊಂದು ರೀತಿಯಲ್ಲಿ ಕೇಳಿದರೆ ಮುಂದೆ ಬರುವವನ ಮೊದಲ ಭಾಷಣವೂ ಆಗಬಹುದು. ಎರಡಕ್ಕೂ ಹೊಂದುವಂತೆ ಬಿಟ್ಟಿದ್ದಾರೆ.

ಈಗ ಹೊಸ ಆವೃತ್ತಿಗೆ ಬರೋಣ. ಹಳೆಯ ಆಲ್ಬಮ್ ಮತ್ತೆ ಬಂದಾಗ ಎರಡು ಥರದ ಕೆಲಸ ಆಗಿರಬಹುದು. ಒಂದು ರೀಮಾಸ್ಟರ್. ಅದರಲ್ಲಿ ಆಗಲೇ ಬೆರೆಸಿ ಮುಗಿಸಿದ ಟೇಪನ್ನೇ ತೆಗೆದುಕೊಂಡು ಸದ್ದನ್ನು ಸ್ವಚ್ಛ ಮಾಡುತ್ತಾರೆ. ಇನ್ನೊಂದು ರೀಮಿಕ್ಸ್. ಅದು ದೊಡ್ಡ ಕೆಲಸ. ದನಿ, ಬಾಸ್ (ಕೆಳಸ್ವರದ ಗಿಟಾರ್), ಡ್ರಮ್, ಪಿಟೀಲು, ಇವೆಲ್ಲ ಬೇರೆ ಬೇರೆಯಾಗಿ ದಾಖಲಾಗಿರುವ ಮೂಲ ಟೇಪಿಗೇ ಹೋಗಬೇಕು. ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಯಾವುದು ಮುಂದೆ ಅಂತ ಮೊದಲಿನಿಂದ ತೀರ್ಮಾನ ಮಾಡಬೇಕು. 2014ರಲ್ಲಿ ನಡೆದದ್ದು ಈ ಎರಡನೆಯದು. ಮಾಡಿದವರು ಪಾರ್ಕ್ಯುಪೈನ್ ಟ್ರೀ ತಂಡದ ಸ್ಟೀವನ್ ವಿಲ್ಸನ್. ಕಿಂಗ್ ಕ್ರಿಮ್ಸನ್, ಯೆಸ್, ಜೆತ್ರೊ ಟಲ್ ತಂಡಗಳ ಹಳೆಯ ಆಲ್ಬಮ್‌ಗಳಿಗೂ ಅವರು ಇದೇ ಕೆಲಸ ಮಾಡಿದ್ದಾರೆ. ಆವೃತ್ತಿಯನ್ನು ಹೊರತಂದದ್ದು ತಂಡದ ಸ್ವಂತ ಲೇಬಲ್ ಅಲುಕಾರ್ಡ್.

ಎಲ್ಲ ಆಲ್ಬಮ್‌ಗೂ ರೀಮಿಕ್ಸ್ ಬೇಕು ಅಂತ ನಾನು ಹೇಳುವುದಿಲ್ಲ. ಕೆಲವು ಹಳೆಯ ರೆಕಾರ್ಡಿಂಗ್‌ಗಳ ಮಬ್ಬೇ ಅವುಗಳ ಚೆಲುವು. ಜೆಂಟಲ್ ಜೈಂಟ್‌ಗೆ ಮಾತ್ರ ಬೇಕಿತ್ತು. ಐದು ಜನ ಐದು ಬೇರೆ ಸಾಲು ನುಡಿಸುತ್ತಾರೆ. ಯಾವ ಸಾಲೂ ಬರೀ ಪಕ್ಕವಾದ್ಯವಲ್ಲ. ಹಳೆಯ ಮಿಕ್ಸ್‌ನಲ್ಲಿ ಅವು ಒತ್ತೊತ್ತಾಗಿ ನಿಂತಿದ್ದವು. ಎಷ್ಟೋ ಸಾಲುಗಳು ಕಿವಿಗೆ ತಾಗುತ್ತಿದ್ದವು, ಆದರೆ ತಿಳಿಯುತ್ತಿರಲಿಲ್ಲ. ಹೊಸದರಲ್ಲಿ ಪ್ರತಿ ಸಾಲಿಗೂ ಜಾಗ ಸಿಕ್ಕಿದೆ. 'ಸೋ ಸಿನ್ಸಿಯರ್'ನಲ್ಲಿ ಸ್ವರ ಪಿಟೀಲಿನಿಂದ ಚೆಲ್ಲೊಗೆ ದಾಟುವುದು ಸ್ಪಷ್ಟವಾಗಿ ತಿಳಿಯುತ್ತದೆ. ರೇ ಶುಲ್ಮನ್ ಬಾಸ್ ಎದ್ದು ಬಂದಿದೆ. ಅವರು ಎಂಥ ಬಾಸ್ ವಾದಕ ಅನ್ನುವುದು ಈ ಮಿಕ್ಸ್‌ನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ರೇ 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದಾದ ಮೇಲೆ ಅವರ ಸಾಲನ್ನೇ ಹಿಡಿದು ಇಡೀ ಆಲ್ಬಮ್ ಕೇಳಿದ್ದೇನೆ. ನೀವೂ ಕೇಳಿ.

ಸಿಡಿ ಜೊತೆ ಇನ್ನೊಂದು ಡಿಸ್ಕ್ ಇದೆ, ಡಿವಿಡಿ ಅಥವಾ ಬ್ಲೂ-ರೇ. ಸುತ್ತಲೂ ಸ್ಪೀಕರ್ ಇಟ್ಟು ಕೇಳುವವರಿಗೆ 5.1 ಮಿಕ್ಸ್ ಇದೆ. ದನಿ ತೆಗೆದು ವಾದ್ಯ ಮಾತ್ರ ಉಳಿಸಿದ ಮಿಕ್ಸ್ ಕೂಡ ಇದೆ. ಸಂಗೀತ ಕಲಿಯುವವರಿಗೆ ಇದು ದೊಡ್ಡ ಉಡುಗೊರೆ. ಹಾಡುಗಳಿಗೆ ಅನಿಮೇಷನ್ ಚಿತ್ರಗಳನ್ನೂ ಮಾಡಿದ್ದಾರೆ. ಅವು ನನಗೆ ಅಷ್ಟು ಬೇಕೆನಿಸಲಿಲ್ಲ. ಈ ಸಂಗೀತ ಕೇಳುವಾಗ ಕಣ್ಣಿಗೆ ಕೆಲಸ ಕೊಟ್ಟರೆ ಕಿವಿಯ ಗಮನ ತಪ್ಪುತ್ತದೆ.

ತಂಡ ಆಮೇಲೆ ಏನಾಯಿತು? 1975ರ 'ಫ್ರೀ ಹ್ಯಾಂಡ್' ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ 48ನೇ ಸ್ಥಾನದವರೆಗೆ ಏರಿತು. ಅದೇ ಅವರ ಅತಿ ದೊಡ್ಡ ಏರಿಕೆ. 1980ರಲ್ಲಿ ತಂಡ ಮುಗಿಯಿತು. ಡೆರೆಕ್ ಶುಲ್ಮನ್ ರೆಕಾರ್ಡ್ ಕಂಪನಿಗಳ ಕಡೆ ಹೋದರು. ಮುಂದೆ ಕ್ರೀಡಾಂಗಣಗಳನ್ನೇ ತುಂಬಿಸಿದ ರಾಕ್ ತಂಡ ಬಾನ್ ಜೋವಿಯನ್ನು ಕಂಪನಿಗೆ ಸೇರಿಸಿಕೊಂಡದ್ದು ಅವರೇ. ಕ್ರೀಡಾಂಗಣ ತುಂಬಿಸುವ ಸಂಗೀತ ಯಾವುದು ಅಂತ ಇಷ್ಟು ಚೆನ್ನಾಗಿ ತಿಳಿದಿದ್ದ ಮನುಷ್ಯ, ತನ್ನ ತಂಡದಲ್ಲಿ ಅದನ್ನು ಮಾಡದೆ ಹತ್ತು ವರ್ಷ ನಿಂತದ್ದು ನನಗೆ ತುಂಬಾ ದೊಡ್ಡ ವಿಷಯ.

ಇನ್ನೊಂದು ಸಂಗತಿ ಹೇಳಲೇಬೇಕು. 2023ರಲ್ಲಿ ಅಮೆರಿಕದ ರ‍್ಯಾಪರ್ ಟ್ರಾವಿಸ್ ಸ್ಕಾಟ್ ಅವರ 'ಯುಟೋಪಿಯಾ' ಬಂತು. ಅದರ ಮೊದಲ ಹಾಡು ಶುರುವಾಗುವುದೇ 'ಪ್ರೊಕ್ಲಮೇಷನ್'ನ ತುಣುಕಿನಿಂದ. ಸುಮಾರು ಐವತ್ತು ವರ್ಷ ಹಿಂದಿನ ಆ ದನಿಗಳು ಹದಿಹರೆಯದವರ ಹೆಡ್‌ಫೋನಿಗೆ ಹೋಗಿ ಕೂತವು. ಅದನ್ನು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಆ ತುಣುಕಿನ ಬೆನ್ನು ಹಿಡಿದು ಬಂದವರಿರಬಹುದು, ಇವತ್ತೇ ಈ ಹೆಸರು ಮೊದಲ ಸಲ ಕೇಳಿದವರಿರಬಹುದು. ವಿಲ್ಸನ್ ಮಿಕ್ಸ್ ಹುಡುಕಿ. ಮೊದಲು 'ಆಸ್ಪಿರೇಷನ್ಸ್' ಒಂದನ್ನೇ ಕೇಳಿ. ಅದು ಹಿಡಿಸಿದರೆ 'ಪ್ರೊಕ್ಲಮೇಷನ್', ಅದು ಮುಗಿದ ಕೂಡಲೇ 'ವ್ಯಾಲಿಡಿಕ್ಟರಿ', ಎರಡರಲ್ಲೂ ಒಂದೇ ರಾಗ ಹೇಗೆ ಬದಲಾಗಿದೆ ಗಮನಿಸಿ. ಆಮೇಲೆ ಎಂಟೂ ಹಾಡು ಕ್ರಮವಾಗಿ ಕೇಳಿ, ನಡುವೆ ನಿಲ್ಲಿಸದೆ. ನಮಸ್ಕಾರ.