ಗಡಿಯಾರ ನೋಡಿ ಕೊಡುವ ಮಾರ್ಫಿನ್

ಕೇಳುಗರಿಗೆ ನಮಸ್ಕಾರ.

ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಯನ್ನು ‘ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ’ ಎಂದು ಕಳಿಸುವುದು ನಮ್ಮಲ್ಲಿ ಇಂದಿಗೂ ನಿಂತಿಲ್ಲ. ಮಾಡುವುದು ಬೇಕಾದಷ್ಟಿದೆ. ನೋವು ಇಳಿಸುವುದು ಮೊದಲ ಕೆಲಸ. ಪ್ಯಾರಸಿಟಮಾಲ್, ಟ್ರಮಡಾಲ್‌ಗೆ ಬಗ್ಗದ ನೋವಿಗೆ ಬಾಯಿಂದ ನುಂಗುವ ಮಾರ್ಫಿನ್ ಮಾತ್ರೆಯೇ ಮುಖ್ಯ ಮದ್ದು.

ಮಾರ್ಫಿನ್ ಸಿಗುವುದು ಅಫೀಮಿನಿಂದ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುವ ದೇಶ ನಮ್ಮದು. ಆದರೂ ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ನಂತರ ಮಾರ್ಫಿನ್ ತರಿಸಲು ಹಲವು ಲೈಸೆನ್ಸ್ ಬೇಕಾಗಿ, ಎಷ್ಟೋ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಆ ಗೋಜಲು ಬಿಡಿಸಿತು. ಅಷ್ಟರಲ್ಲಿ ಅದನ್ನು ಬರೆಯುವ ರೂಢಿಯೇ ಅನೇಕ ವೈದ್ಯರಿಗೆ ತಪ್ಪಿಹೋಗಿತ್ತು. ಹಾಗಾಗಿ ಊರಿನ ಮೆಡಿಕಲ್ ಶಾಪಿನಲ್ಲಿ ಹುಡುಕಿ ಸುಸ್ತಾಗಬೇಡಿ. ಮಾನ್ಯತೆ ಪಡೆದ ಕ್ಯಾನ್ಸರ್ ಆಸ್ಪತ್ರೆ ಅಥವಾ ಉಪಶಮನ ಆರೈಕೆ (ನೋವು, ನರಳಾಟ ತಗ್ಗಿಸುವ ಆರೈಕೆ) ಕೇಂದ್ರದಲ್ಲಿ ಕೇಳಿ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಆರೈಕೆಗೆ ಹಣ ತೆಗೆದುಕೊಳ್ಳುವುದಿಲ್ಲ.

ಪ್ರಮಾಣ ಗೊತ್ತುಮಾಡುವುದು ವೈದ್ಯರು. ಸಾಮಾನ್ಯವಾಗಿ 10 ಮಿಲಿಗ್ರಾಂ ಮಾತ್ರೆಯಲ್ಲಿ ಅರ್ಧ, ಅಂದರೆ 5 ಮಿಲಿಗ್ರಾಂನಿಂದ ಶುರು. ವಯಸ್ಸಾದವರಿಗೆ, ತೀರಾ ಸೊರಗಿದವರಿಗೆ ಇನ್ನೂ ಕಡಿಮೆ. ಮಾತ್ರೆಯ ಬಲ ನಾಲ್ಕು ಗಂಟೆ. ಆದ್ದರಿಂದ ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ ಅರ್ಧರ್ಧ. ರಾತ್ರಿ 10ಕ್ಕೆ ಇಡೀ ಮಾತ್ರೆ. ರಾತ್ರಿ ದುಪ್ಪಟ್ಟು ಕೊಟ್ಟರೆ ನಡುರಾತ್ರಿ ಎಬ್ಬಿಸಬೇಕಾಗಿಲ್ಲ.

ಮನೆಯವರು ಎಡವುವುದು ಇಲ್ಲೇ. ‘ಈಗ ನೋವಿಲ್ಲವಲ್ಲ, ಯಾಕೆ ಕೊಡೋದು’ ಎಂದು ಒಂದು ಸರದಿ ಬಿಡುತ್ತಾರೆ. ನೋವು ಮತ್ತೆ ಏರಿದ ಮೇಲೆ ಅದನ್ನು ಇಳಿಸಲು ಹೆಚ್ಚು ಮದ್ದು ಬೇಕು. ನಡುವೆ ನೋವು ಎದ್ದರೆ ಒಂದು ಸರದಿಯಷ್ಟು, ಅಂದರೆ ಅರ್ಧ ಮಾತ್ರೆ, ಹೆಚ್ಚುವರಿ ಕೊಡಲು ವೈದ್ಯರು ಹೇಳಿರುತ್ತಾರೆ. ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆದಿಡಿ. ಮುಂದಿನ ಪ್ರಮಾಣ ಅದರ ಮೇಲೇ ನಿರ್ಧಾರವಾಗುತ್ತದೆ. ದೀರ್ಘಕಾಲ ಕೆಲಸ ಮಾಡುವ ಬಗೆಯ ಮಾತ್ರೆಯನ್ನು ಮಾತ್ರ ಮುರಿಯಬಾರದು, ಅರೆಯಬಾರದು.

ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಳೆಯುತ್ತವೆ. ಮಲಬದ್ಧತೆ ಹಾಗಲ್ಲ. ಮಾರ್ಫಿನ್ ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ, ಕೊಡುವಷ್ಟು ದಿನವೂ. ಮಾರ್ಫಿನ್ ಚೀಟಿಯಲ್ಲಿ ಬಿಸಕೊಡಿಲ್‌ನಂಥ, ಮಲ ಸರಾಗವಾಗಿ ಹೋಗಿಸುವ ಮಾತ್ರೆ ಇಲ್ಲದಿದ್ದರೆ ಅಲ್ಲೇ ನಿಂತು ಕೇಳಿ. ಇಸಬ್‌ಗೋಲು ಬೇಡ, ನೀರು ಕಡಿಮೆ ಕುಡಿಯುವ ರೋಗಿಯಲ್ಲಿ ಅದು ಒಳಗೇ ಗಟ್ಟಿಯಾಗಿ ಕೂರುತ್ತದೆ. ಮೂರು ದಿನ ಮಲವಾಗದೆ, ಆಮೇಲೆ ನೀರು ನೀರಾಗಿ ಸೋರಿದರೆ ಅದನ್ನು ಭೇದಿ ಎಂದು ತಿಳಿದು, ಭೇದಿ ನಿಲ್ಲಿಸುವ ಮಾತ್ರೆ ಕೊಡಬೇಡಿ. ಕಟ್ಟಿಕೊಂಡ ಮಲದ ಪಕ್ಕದಿಂದ ಅದು ಸೋರುತ್ತಿರಬಹುದು.

ಎಬ್ಬಿಸಿದರೂ ಸರಿಯಾಗಿ ಏಳದಷ್ಟು ಮಂಪರು, ನಿಧಾನವಾದ ಉಸಿರು, ಕೈಕಾಲು ಬೆಚ್ಚಿದಂತೆ ಎಳೆಯುವುದು, ಇವು ಕಂಡರೆ ಮುಂದಿನ ಸರದಿ ತಡೆದು ತಕ್ಷಣ ವೈದ್ಯರಿಗೆ ಫೋನ್ ಮಾಡಿ. ಮೂತ್ರ ಕಡಿಮೆಯಾದವರಲ್ಲಿ ಹೀಗಾಗುವುದು ಹೆಚ್ಚು, ಏಕೆಂದರೆ ಮಾರ್ಫಿನ್ ಹೊರಹೋಗುವುದು ಮೂತ್ರಪಿಂಡದ ದಾರಿಯಲ್ಲೇ.

‘ಚಟ ಹತ್ತುತ್ತದೆಯೇ?’ ಎಲ್ಲರೂ ಕೇಳುವ ಪ್ರಶ್ನೆ. ಕ್ಯಾನ್ಸರ್ ನೋವಿಗೆಂದು ವೈದ್ಯರ ನಿಗಾದಲ್ಲಿ ಕೊಟ್ಟಾಗ ಅದು ಅಪರೂಪ. ಆದರೆ ಮೈ ಅದಕ್ಕೆ ಒಗ್ಗಿರುತ್ತದೆ. ಬೇಡವಾದಾಗ ಒಮ್ಮೆಲೇ ಬಿಡದೆ ಮೆಲ್ಲಗೆ ಇಳಿಸಬೇಕು. ಮಾತ್ರೆಗಳು ಬೀಗದ ಪೆಟ್ಟಿಗೆಯಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇರಲಿ. ಉಳಿದವನ್ನು ಬೇರೆ ರೋಗಿಗೆ ಕೊಡಬೇಡಿ, ಕಸಕ್ಕೂ ಎಸೆಯಬೇಡಿ. ತಂದ ಕೇಂದ್ರಕ್ಕೇ ಎಣಿಸಿ ಹಿಂದಿರುಗಿಸಿ.