ಗುಮ್ಮನಿಗೆ ಕಾರಣ ಬೇಕಿಲ್ಲ: ‘ಹ್ಯಾಲೋವೀನ್’ ಇಂದಿಗೂ ಹೆದರಿಸುವುದು ಹೇಗೆ?

[ದೃಶ್ಯ: ಹಗಲು ಬೆಳಕಿನ ಹಿತ್ತಲು. ಗಾಳಿಗೆ ಅಲುಗುವ ಬಿಳಿ ಬಟ್ಟೆಗಳು. ಸಂಗೀತವಿಲ್ಲ.]

ಮಧ್ಯಾಹ್ನದ ಹೊತ್ತು. ಹುಡುಗಿಯೊಬ್ಬಳು ತನ್ನ ಕೋಣೆಯ ಕಿಟಕಿಯಿಂದ ಕೆಳಗೆ ನೋಡುತ್ತಾಳೆ. ಹಿತ್ತಲಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ಬಿಳಿ ಮುಖವಾಡ ಧರಿಸಿದ ಒಬ್ಬ ನಿಂತಿದ್ದಾನೆ. ಅವಳನ್ನೇ ನೋಡುತ್ತಿದ್ದಾನೆ. ಇನ್ನೊಮ್ಮೆ ನೋಡಿದರೆ ಅಲ್ಲಿ ಬಟ್ಟೆಗಳಷ್ಟೇ ಇವೆ.

ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದರೂ ನನ್ನ ಬೆನ್ನಿನಲ್ಲಿ ಚಳಿ ಏಳುತ್ತದೆ. ಕತ್ತಲಿಲ್ಲ, ಕಿರುಚಾಟವಿಲ್ಲ, ಒಂದು ಹನಿ ರಕ್ತವೂ ಇಲ್ಲ. ಹಾಗಾದರೆ ಹೆದರಿಸುತ್ತಿರುವುದು ಏನು?

ನಮಸ್ಕಾರ. ಇಂದು ಜಾನ್ ಕಾರ್ಪೆಂಟರ್ ನಿರ್ದೇಶಿಸಿದ, 1978ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ‘ಹ್ಯಾಲೋವೀನ್’ ಚಿತ್ರದ ಬಗ್ಗೆ ಮಾತನಾಡೋಣ. ಇನ್ನೂ ನೋಡದವರು ಮೊದಲು ನೋಡಿಬನ್ನಿ, ಏಕೆಂದರೆ ಕೊನೆಯ ದೃಶ್ಯದವರೆಗೂ ಹೋಗಲಿದ್ದೇನೆ.

ಸ್ಲ್ಯಾಷರ್ ಎಂಬ ಜಾತಿಯ ಚಿತ್ರಗಳು ನಿಮಗೆ ಗೊತ್ತು: ಒಬ್ಬ ಕೊಲೆಗಾರ, ಹರಿತವಾದ ಆಯುಧ, ಒಬ್ಬೊಬ್ಬರಾಗಿ ಸಾಯುವ ಹರೆಯದವರು, ಕೊನೆಗೆ ಉಳಿಯುವ ಒಬ್ಬಳು ಹುಡುಗಿ. ಇದಕ್ಕೂ ಮೊದಲು ಅಂಥ ಚಿತ್ರಗಳಿದ್ದವು. ಆದರೆ ಸುಮಾರು 3 ಲಕ್ಷ ಡಾಲರ್‌ನಲ್ಲಿ ತಯಾರಾದ ಈ ಚಿತ್ರ ಅಮೆರಿಕದಲ್ಲೇ 4.7 ಕೋಟಿ ಡಾಲರ್ ಗಳಿಸಿದ ಮೇಲೆ ಎಲ್ಲರೂ ಇದೇ ಅಚ್ಚಿನಲ್ಲಿ ಚಿತ್ರ ತೆಗೆಯತೊಡಗಿದರು. ಹೆಣಗಳ ಸಂಖ್ಯೆ ಹೆಚ್ಚಿತು, ರಕ್ತ ಹೆಚ್ಚಿತು. ಮೂಲ ಚಿತ್ರದಲ್ಲಿ ರಕ್ತ ಕಾಣುವುದೇ ಅಪರೂಪ ಎಂಬುದನ್ನು ಅನುಕರಿಸಿದವರು ಗಮನಿಸಲೇ ಇಲ್ಲ.

[ದೃಶ್ಯ: ಮನೆಯೊಂದರ ಸುತ್ತ ನಿಧಾನವಾಗಿ ತೇಲುವ ಕ್ಯಾಮೆರಾ.]

ಆರಂಭ ನೆನಪಿಸಿಕೊಳ್ಳಿ. 1963, ಇಲಿನಾಯ್ ರಾಜ್ಯದ ಹ್ಯಾಡನ್‌ಫೀಲ್ಡ್ ಎಂಬ ಕಾಲ್ಪನಿಕ ಊರು. ಕ್ಯಾಮೆರಾ ಮನೆಯನ್ನು ಬಳಸಿ ಬರುತ್ತದೆ, ಕಿಟಕಿಯಲ್ಲಿ ಇಣುಕುತ್ತದೆ, ಅಡುಗೆಮನೆ ಹೊಕ್ಕು ಚಾಕು ತೆಗೆದುಕೊಳ್ಳುತ್ತದೆ, ಮೆಟ್ಟಿಲು ಹತ್ತುತ್ತದೆ. ಸುಮಾರು ನಾಲ್ಕು ನಿಮಿಷ, ಎಲ್ಲೂ ಕತ್ತರಿ ಬಿದ್ದಂತೆ ಕಾಣುವುದಿಲ್ಲ. ನಾವು ಕೊಲೆಗಾರನ ಕಣ್ಣೊಳಗೆ ಕುಳಿತಿದ್ದೇವೆ. ಹೊರಗೆ ಬಂದಾಗ ಯಾರೋ ಮುಖವಾಡ ತೆಗೆಯುತ್ತಾರೆ. ಅಕ್ಕನನ್ನು ಕೊಂದು ನಿಂತಿರುವುದು ಆರು ವರ್ಷದ ಹುಡುಗ, ಮೈಕೆಲ್ ಮೈಯರ್ಸ್.

ಆ ನಾಲ್ಕು ನಿಮಿಷ ನಮ್ಮ ನೆಮ್ಮದಿಯನ್ನು ಕೆಡಿಸಿಬಿಡುತ್ತದೆ. ಇನ್ನು ಮುಂದೆ ಕ್ಯಾಮೆರಾ ಒಂದಿಷ್ಟು ಸರಿದರೂ ಅದು ಅವನ ಕಣ್ಣೇ ಇರಬಹುದೇ ಎಂಬ ಅನುಮಾನ. ಹದಿನೈದು ವರ್ಷಗಳ ನಂತರ ಅವನು ಮಾನಸಿಕ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಊರಿಗೆ ಮರಳುತ್ತಾನೆ. ಅಕ್ಟೋಬರ್ 31, ಹ್ಯಾಲೋವೀನ್, ಊರೆಲ್ಲ ವೇಷ ಹಾಕುವ ದಿನ. ಮುಖವಾಡದವನೊಬ್ಬ ಬೀದಿಯಲ್ಲಿ ನಿಂತಿದ್ದರೆ ಯಾರು ತಾನೇ ಕೇಳುತ್ತಾರೆ?

ಛಾಯಾಗ್ರಾಹಕ ಡೀನ್ ಕಂಡಿ ಇಡೀ ಚಿತ್ರವನ್ನು ಅಗಲವಾದ ಪ್ಯಾನಾವಿಷನ್ ಚೌಕಟ್ಟಿನಲ್ಲಿ ತೆಗೆದರು. ಜೇಮಿ ಲೀ ಕರ್ಟಿಸ್ ನಟಿಸಿದ ಲೋರಿ, ಅಂದರೆ ಆ ಕಿಟಕಿಯ ಹುಡುಗಿ, ಒಂದು ಅಂಚಿನಲ್ಲಿ ನಿಂತರೆ ಮಿಕ್ಕ ಜಾಗವೆಲ್ಲ ಖಾಲಿ. ಆ ಖಾಲಿ ಜಾಗವನ್ನು ನಮ್ಮ ಕಣ್ಣು ಜಾಲಾಡುತ್ತಲೇ ಇರುತ್ತದೆ. ಪೊದೆಯ ಪಕ್ಕ? ಬಾಗಿಲ ಹಿಂದೆ? ಬಹಳ ಸಲ ಅಲ್ಲಿ ಯಾರೂ ಇರುವುದಿಲ್ಲ, ಹುಡುಕುವುದು ಮಾತ್ರ ನಿಲ್ಲುವುದಿಲ್ಲ. ಚೌಕಟ್ಟಿನ ಬದಿಗಳನ್ನು ಕತ್ತರಿಸಿದ ಹಳೆಯ ವಿಡಿಯೋ ಕ್ಯಾಸೆಟ್‌ನಲ್ಲಿ ನೋಡಿದವರು ಅರ್ಧ ಚಿತ್ರವನ್ನೇ ನೋಡಿಲ್ಲ ಎಂದು ನಾನು ಭಾವಿಸುತ್ತೇನೆ.

[ದೃಶ್ಯ: ಕಪ್ಪು ಬಾಗಿಲು. ಏಳು ಸೆಕೆಂಡ್ ಮೌನ.]

ನನಗೆ ಚಿತ್ರದ ಎಲ್ಲಕ್ಕಿಂತ ದೊಡ್ಡ ಕ್ಷಣ ಇದು. ಗೆಳತಿಯರ ಶವ ಕಂಡ ಲೋರಿ ಗೋಡೆಗೆ ಒರಗಿ ಬಿಕ್ಕುತ್ತಿದ್ದಾಳೆ. ಪಕ್ಕದ ಬಾಗಿಲಿನಾಚೆ ಗಾಢ ಕತ್ತಲು. ನೋಡುತ್ತಿರುವಂತೆಯೇ ಆ ಕತ್ತಲಲ್ಲಿ ಬಿಳಿ ಮುಖವೊಂದು ಮೆಲ್ಲಗೆ ಮೂಡುತ್ತದೆ. ಕಂಡಿ ಮಾಡಿದ್ದು ಇಷ್ಟೇ: ಮುಖವಾಡದ ಮೇಲೆ ಪುಟ್ಟ ದೀಪ ಬಿಟ್ಟು ಅದರ ಬೆಳಕನ್ನು ಕೊಂಚ ಕೊಂಚವೇ ಏರಿಸಿದರು. ಅವನು ಎಲ್ಲಿಂದಲೋ ಬಂದವನಲ್ಲ, ಆಗಿನಿಂದಲೂ ಅಲ್ಲೇ ಇದ್ದವನು.

ಆ ಮುಖವಾಡ ಎರಡು ಡಾಲರ್‌ಗೂ ಕಡಿಮೆ ಬೆಲೆಗೆ ಅಂಗಡಿಯಲ್ಲಿ ಸಿಕ್ಕದ್ದು. ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್, ಅಂದರೆ ನಟ ವಿಲಿಯಂ ಶಾಟ್ನರ್ ಅವರ ಮುಖ. ಬಿಳಿ ಬಣ್ಣ ಬಳಿದು, ಕಣ್ಣಿನ ತೂತು ದೊಡ್ಡದು ಮಾಡಿದ ಮೇಲೆ ಅದರಲ್ಲಿ ಭಾವವೇ ಉಳಿಯಲಿಲ್ಲ. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಕಥೆ ನಡೆಯುವುದು ಎಲೆ ಉದುರುವ ಅಕ್ಟೋಬರ್‌ನಲ್ಲಿ. ಹಾಗಾಗಿ ಉದುರೆಲೆಗಳಿಗೆ ಬಣ್ಣ ಹಚ್ಚಿ, ಶಾಟ್ ಮುಗಿದ ಮೇಲೆ ಗುಡಿಸಿ ತುಂಬಿಕೊಂಡು ಮತ್ತೆ ಹರಡಿದರು.

ಸಂಗೀತವೂ ಕಾರ್ಪೆಂಟರ್ ಅವರದೇ. ಸಂಗೀತವಿಲ್ಲದ ಪ್ರತಿಯನ್ನು ನೋಡಿದ ಸ್ಟುಡಿಯೋ ಅಧಿಕಾರಿಯೊಬ್ಬರಿಗೆ ಭಯವೇ ಆಗಲಿಲ್ಲವಂತೆ. ಆಗ ಕಾರ್ಪೆಂಟರ್‌ಗೆ ಬಾಲ್ಯದಲ್ಲಿ ತಂದೆ ಬೊಂಗೊ ಎಂಬ ಜೋಡಿ ಡೋಲಿನ ಮೇಲೆ ಕಲಿಸಿದ ಐದರ ಲಯ ಒದಗಿಬಂತು. ನಮ್ಮ ಕೊನ್ನಕ್ಕೋಲಿನಲ್ಲಿ ಹೇಳಿ ನೋಡಿ: ತಕಿಟ ತಕಿಟ ತಕ ತಕ, ತಕಿಟ ತಕಿಟ ತಕ ತಕ. ನಾಲ್ಕಕ್ಕೆ ಒಗ್ಗಿದ ಕಿವಿ ಪ್ರತಿ ಸುತ್ತಿನಲ್ಲೂ ತುಸು ಎಡವುತ್ತದೆ. ಅಟ್ಟಿಸಿಕೊಂಡು ಬರುವವನು ಮಾತ್ರ ನಡೆಯುತ್ತಲೇ ಇರುತ್ತಾನೆ, ಓಡುವುದಿಲ್ಲ.

ಇವೆಲ್ಲಕ್ಕೂ ಮಿಗಿಲಾದ ಧೈರ್ಯ ಇನ್ನೊಂದಿದೆ. ಕಾರ್ಪೆಂಟರ್ ಮತ್ತು ಸಹಲೇಖಕಿ ಡೆಬ್ರಾ ಹಿಲ್ ಮೈಕೆಲ್‌ಗೆ ಕಾರಣವನ್ನೇ ಕೊಡಲಿಲ್ಲ. ಸೇಡಿಲ್ಲ, ನೋವಿನ ಪೂರ್ವಕಥೆಯಿಲ್ಲ, ಒಂದು ಮಾತೂ ಇಲ್ಲ. ಶೀರ್ಷಿಕೆಗಳಲ್ಲಿ ಮುಖವಾಡದವನ ಹೆಸರು ‘ದಿ ಶೇಪ್’, ಬರೀ ಒಂದು ಆಕೃತಿ. 1981ರ ಎರಡನೇ ಭಾಗದಲ್ಲಿ ಲೋರಿ ಅವನ ತಂಗಿ ಎಂದು ಹೇಳಿಬಿಟ್ಟರು. ಅಲ್ಲಿಗೆ ಭಯ ಅರ್ಧಕ್ಕೆ ಇಳಿಯಿತು. ತಂಗಿಯನ್ನು ಹುಡುಕಿ ಬಂದವನಾದರೆ ನಮ್ಮ ಮನೆಗೆ ಬರುವುದಿಲ್ಲವಲ್ಲ! 2018ರ ಚಿತ್ರ ಆ ನಂಟನ್ನು ಕೈಬಿಟ್ಟದ್ದು ಸರಿಯಾದ ಕೆಲಸ.

[ದೃಶ್ಯ: ಮಹಡಿಯ ಮೊಗಸಾಲೆ. ಕೆಳಗೆ ಹುಲ್ಲು.]

ಲೋರಿ ನೋಡಿಕೊಳ್ಳುತ್ತಿದ್ದ ಪುಟ್ಟ ಹುಡುಗ ಟಾಮಿ ಸಂಜೆಯಿಂದಲೂ ಗುಮ್ಮನ ಬಗ್ಗೆ ಕೇಳುತ್ತಿರುತ್ತಾನೆ. ಅಂಥದ್ದೇನೂ ಇಲ್ಲ ಎಂದು ಅವಳು ಸಮಾಧಾನ ಮಾಡುತ್ತಾಳೆ. ಕೊನೆಯಲ್ಲಿ ಮೈಕೆಲ್‌ನ ಮನೋವೈದ್ಯ ಲೂಮಿಸ್ ಹಾರಿಸಿದ ಆರು ಗುಂಡು ತಿಂದು ಮೈಕೆಲ್ ಮಹಡಿಯಿಂದ ಕೆಳಗೆ ಬೀಳುತ್ತಾನೆ. ಈಗ ಅಳುತ್ತ ಗುಮ್ಮನ ಬಗ್ಗೆ ಕೇಳುವ ಸರದಿ ಲೋರಿಯದು. ಲೂಮಿಸ್ ಹೌದೆನ್ನುತ್ತಾನೆ. ಇಣುಕಿ ನೋಡಿದರೆ ಹುಲ್ಲಿನ ಮೇಲೆ ಯಾರೂ ಇಲ್ಲ.

ಆಮೇಲೆ ಕಾರ್ಪೆಂಟರ್ ಆಗಲೇ ನೋಡಿದ ಜಾಗಗಳನ್ನು ಒಂದೊಂದಾಗಿ ತೋರಿಸುತ್ತಾರೆ: ಮೆಟ್ಟಿಲು, ಕೋಣೆ, ಬೀದಿಯ ಮನೆಗಳು. ಎಲ್ಲವೂ ಖಾಲಿ. ಮುಖವಾಡದೊಳಗಿನ ಉಸಿರಾಟ ಮಾತ್ರ ಎಲ್ಲ ಕಡೆಯೂ ಕೇಳಿಸುತ್ತಿದೆ.

[ಪರದೆ ಕಪ್ಪಾಗುತ್ತದೆ.]